ಫಟಫಟಿಯ ಮೇಲೆ ನಾಲ್ಕು ರವಿವಾರ

ಪರಸ್ಥಳದಲ್ಲಿ ನೆಲೆಸಿದ ಕನ್ನಡ ಕುಟುಂಬಗಳಿಗೆ ರಜೆ ಎಂಬ ಶಬ್ದಕ್ಕೆ ಒಂದೇ ಅರ್ಥವುಂಟು: ಊರಿಗೆ ಹೋಗುವುದು. ದಸರೆ ಬಂದರೆ ಊರು, ಬೇಸಿಗೆ ಬಂದರೆ ಊರು, ಮದುವೆ ಮುಂಜಿ ಬಂದರಂತೂ ಊರೇ ಊರು. ನಡುವಣ ರವಿವಾರಗಳು ಬಟ್ಟೆ ಒಗೆಯುವುದಕ್ಕೆ, ಗಿರಣಿಗೆ ಜೋಳ ಒಯ್ಯುವುದಕ್ಕೆ, ಮಧ್ಯಾಹ್ನ ಉಂಡು ಮಲಗುವುದಕ್ಕೆ ಮೀಸಲು. ಹೈದರಾಬಾದಿನಲ್ಲಿ ನಾವು ಇಪ್ಪತ್ತಾರು ವರ್ಷ ಹೀಗೆಯೇ ಕಳೆದೆವು. ಚಾರಮಿನಾರ, ಗೋಲ್ಕೊಂಡ, ಸಾಲಾರಜಂಗ ಮ್ಯೂಜಿಯಮ್ಮು ಇವೆಲ್ಲ ಊರಿನಿಂದ ಬೀಗರು ಬಂದಾಗ ತೋರಿಸುವ ವಸ್ತುಗಳಾಗಿದ್ದುವೇ ಹೊರತು ನಾವಾಗಿ ನೋಡುವಂಥವುಗಳಾಗಿರಲಿಲ್ಲ.

ಮೂರು ವರ್ಷಗಳ ಕೆಳಗೆ ಕಲಬುರ್ಗಿಯ ಹಿರಿಯರ ಮನೆ ಮಾರಾಟವಾಯಿತು. ಜಗಳವೇನೂ ಇರಲಿಲ್ಲ. ಐದು ಪಾಲು, ಐದು ಸಹಿ, ಒಂದು ಹೊತ್ತಿನ ಊಟ. ಸಂಜೆಯ ಗಾಡಿಗೆ ಹಿಂತಿರುಗಿದೆವು. ಆಮೇಲೆ ಮೊದಲ ದಸರೆ ಬಂದಾಗಲೇ ನಮಗೆ ತಿಳಿದದ್ದು, ಹೋಗುವುದಕ್ಕೆ ಊರಿದೆ, ಇಳಿಯುವುದಕ್ಕೆ ಮನೆಯಿಲ್ಲ ಎಂದು. ನಂಟರ ಮನೆಗಳಿವೆ, ನಿಜ. ಆದರೆ ನಂಟರ ಮನೆಯಲ್ಲಿ ನಾವು ಅತಿಥಿಗಳು; ಬಚ್ಚಲೊಲೆಗೆ ಎಷ್ಟು ಉರಿ ಹಾಕಬೇಕೆಂದು ಅಲ್ಲಿ ಕೇಳಿಯೇ ಹಾಕಬೇಕು.

ಇದರ ಬೆನ್ನಿಗೇ ಇನ್ನೊಂದು ಪ್ರಶ್ನೆ ಎದ್ದಿತು. ನೌಕರಿ ಇನ್ನು ನಾಲ್ಕು ವರ್ಷ. ಮಗಳು ಪುಣೆಯಲ್ಲಿ ತನ್ನ ಸಂಸಾರ ಹೂಡಿಯಾಗಿದೆ. ಇಲ್ಲಿನ ಫ್ಲ್ಯಾಟು ಮಾರಿ ಕಲಬುರ್ಗಿಯಲ್ಲಿ ಸಣ್ಣದೊಂದು ಮನೆ ಕೊಂಡು ತಿರುಗಿ ಹೋಗುವುದೋ, ಇಲ್ಲಿಯೇ ಇದ್ದುಬಿಡುವುದೋ? ನಮ್ಮಿಬ್ಬರಲ್ಲಿ ಒಬ್ಬರದು ಹೋಗುವ ಪಕ್ಷ, ಒಬ್ಬರದು ಇರುವ ಪಕ್ಷ. ಯಾರದು ಯಾವುದೆಂದು ಇಲ್ಲಿ ಹೇಳುವುದಿಲ್ಲ. ಹೇಳಿದರೆ ಓದುವ ಮನೆಗಳಲ್ಲಿಯೂ ಎರಡು ಪಕ್ಷಗಳಾದಾವು. ಊಟಕ್ಕೆ ಕುಳಿತಾಗ ಈ ಮಾತು ಬಂದರೆ ಕೊನೆಯ ಅನ್ನ ಮೊಸರು ಮೌನವಾಗಿ ಮುಗಿಯುತ್ತಿತ್ತು.

ಹಾಗಿರಲು ಹಳೆಯ ಬುಲೆಟ್ಟು ನಮ್ಮ ಕೈಗೆ ಬಂದಿತು. ಕೆಳಗಿನ ಮನೆಯವರು ದೂರ ದೇಶಕ್ಕೆ ಹೊರಟವರು ಅದನ್ನು ಅಗ್ಗಕ್ಕೆ ಕೊಟ್ಟರು. ನಮ್ಮ ಕಡೆ ಇದಕ್ಕೆ ಫಟಫಟಿ ಎನ್ನುತ್ತಾರೆ. ಇದಕ್ಕಿಂತ ಒಪ್ಪುವ ಹೆಸರನ್ನು ಯಾವ ಕಾರಖಾನೆಯವರೂ ಇಡಲಾರರು. ಐವತ್ತಾರು ಮತ್ತು ಐವತ್ತೊಂದರ ವಯಸ್ಸಿನಲ್ಲಿ ಇದೆಂಥ ಹುಡುಗಾಟವೆಂದು ಮಗಳು ಫೋನಿನಲ್ಲಿ ಗದರಿಸಿದಳು. ಎರಡು ಹೆಲ್ಮೆಟ್ಟು ಕೊಂಡಿದ್ದೇವೆಂದು ಹೇಳಿದ ಮೇಲೆ ಸುಮ್ಮನಾದಳು. ಇದರಲ್ಲಿ ಒಂದು ದೊಡ್ಡ ಅನುಕೂಲ ನಮಗೆ ಮೊದಲ ದಿನವೇ ಗೊತ್ತಾಯಿತು. ಗಾಳಿ, ಹೆಲ್ಮೆಟ್ಟು, ಇಂಜಿನಿನ ಸದ್ದು ಈ ಮೂರೂ ಸೇರಿದಾಗ ಗಂಡ ಹೆಂಡಿರು ಜಗಳವಾಡುವುದು ಸಾಧ್ಯವೇ ಇಲ್ಲ. ತೀರ ಅವಶ್ಯವಾದದ್ದನ್ನು ಮಾತ್ರ ಕೂಗಿ ಹೇಳಬಹುದು.

ಮೊದಲ ರವಿವಾರ ಸಂಗಾರೆಡ್ಡಿಗೆ ಹೋದೆವು. ಮುಂಬಯಿ ಹೆದ್ದಾರಿಯಲ್ಲಿ ಸುಮಾರು ೬೦ ಕಿಲೋಮೀಟರು. ಕಲಬುರ್ಗಿಗೂ ಬೀದರಿಗೂ ಹೋಗುವ ಬಸ್ಸುಗಳ ದಾರಿಯೇ ಅದು. ವರ್ಷಕ್ಕೆ ನಾಲ್ಕು ಸಲ ಅದೇ ಊರನ್ನು ಕಿಟಕಿಯಿಂದ ಕಂಡು, ಇನ್ನೆಷ್ಟು ದೂರ ಎಂದು ಕೇಳುತ್ತ ಹಾದು ಹೋಗಿದ್ದೆವು. ಇಳಿದು ನೋಡಿದ್ದು ಅದೇ ಮೊದಲು. ಅಲ್ಲಿ ೧೭೯೬ರಲ್ಲಿ ಕಟ್ಟಿದ ಹಳೆಯ ಜೈಲೊಂದು ಈಗ ವಸ್ತುಸಂಗ್ರಹಾಲಯವಾಗಿದೆ. ೨೦೧೬ರಲ್ಲಿ ಅಲ್ಲಿ ಒಂದು ವಿನೋದವನ್ನು ಹೂಡಿದ್ದರು: ಐದು ನೂರು ರೂಪಾಯಿ ಕೊಟ್ಟವರು ಖಾದಿಯ ಕೈದಿಯುಡುಪು ತೊಟ್ಟು, ಜೈಲಿನ ಊಟವನ್ನೇ ಉಂಡು, ಒಂದು ಹಗಲು ಒಂದು ಇರುಳು ಸೆರೆಯಲ್ಲಿರಬಹುದು. ದುಡ್ಡು ಕೊಟ್ಟು ಸೆರೆಗೆ ಹೋಗುವವರಿಲ್ಲವೆಂದು ನಾವು ನಕ್ಕೆವು. ಆಮೇಲೆ ಫ್ಲ್ಯಾಟಿನ ಸಾಲದ ಕಂತು ನೆನಪಾಗಿ ನಗುವುದನ್ನು ನಿಲ್ಲಿಸಿದೆವು.

ಊರಿನಿಂದ ಸ್ವಲ್ಪ ಮುಂದೆ ಮಂಜೀರಾ ಅಭಯಾರಣ್ಯ. ಹೆಸರು ಅರಣ್ಯವಾದರೂ ಮುಖ್ಯವಾಗಿ ಅದು ನೀರು: ಒಡ್ಡು ಕಟ್ಟಿ ನಿಲ್ಲಿಸಿದ ಮಂಜೀರಾ ನದಿ, ನಡುವೆ ಜೊಂಡು ಬೆಳೆದ ನಡುಗಡ್ಡೆಗಳು. ೧೯೭೮ರಲ್ಲಿ ಇದನ್ನು ರಕ್ಷಿತ ಪ್ರದೇಶವನ್ನಾಗಿ ಮಾಡಿದರು. ಮೊಸಳೆಗಳ ಬೀಡು ಇದು. ಮೊಸಳೆ ಕಾಣಿಸುವುದೂ ಕಾಣಿಸದಿರುವುದೂ ಅದರ ಮರ್ಜಿ. ನಮಗೆ ದಿಮ್ಮಿಯಂಥದೊಂದು ಕಂಡಿತು, ಕಾವಲುಗಾರನು ಮೊಸಳೆಯೆಂದನು, ನಾವು ನಂಬಿದೆವು. ಕೊಕ್ಕರೆಗಳನ್ನು ಮಾತ್ರ ನಂಬುವ ಅವಶ್ಯಕತೆಯಿರಲಿಲ್ಲ. ನೀರಿನ ಅಂಚಿನುದ್ದಕ್ಕೂ ನಿಂತಿದ್ದುವು.

ಆದರೆ ನಮ್ಮನ್ನು ಹಿಡಿದು ನಿಲ್ಲಿಸಿದ್ದು ಮೊಸಳೆಯೂ ಅಲ್ಲ, ಕೊಕ್ಕರೆಯೂ ಅಲ್ಲ. ಈ ಮಂಜೀರಾ ಮಹಾರಾಷ್ಟ್ರದ ಬಾಲಾಘಾಟ ಗುಡ್ಡಗಳಲ್ಲಿ ಹುಟ್ಟಿ, ನಮ್ಮ ಬೀದರ ಜಿಲ್ಲೆಯನ್ನು ಹಾದು ಇಲ್ಲಿಗೆ ಬರುತ್ತದೆ. ಮುಂದೆ ಗೋದಾವರಿಯನ್ನು ಸೇರುತ್ತದೆ. ಹೈದರಾಬಾದಿಗೆ ಬಹುಕಾಲದಿಂದ ಕುಡಿಯುವ ನೀರು ಕೊಟ್ಟ ಹೊಳೆಗಳಲ್ಲಿ ಇದೂ ಒಂದು. ಅಂದರೆ ನಾವು ಊರು ಬಿಟ್ಟು ಬಂದೆವೆಂದು ಕೊರಗುತ್ತಿದ್ದ ವರ್ಷಗಳಲ್ಲೆಲ್ಲ ಬೀದರದ ಸೀಮೆಯ ನೀರು ನಮ್ಮ ಹಿಂದೆಯೇ ಬಂದು ನಲ್ಲಿಯಲ್ಲಿ ಸುರಿಯುತ್ತಿತ್ತು. ದಂಡೆಯ ಮೇಲೆ ಕುಳಿತು ರೊಟ್ಟಿ, ಶೇಂಗಾ ಹಿಂಡಿ ಬಿಚ್ಚಿದಾಗ ಇರುವ ಪಕ್ಷದವರು ಈ ಸಂಗತಿಯನ್ನು ಎತ್ತಿ ಆಡಿದರು. ಹೋಗುವ ಪಕ್ಷದವರು, ನೀರು ಕೆಳಗೆ ಹರಿಯುವುದು ಅದರ ಸ್ವಭಾವ, ಮನುಷ್ಯರಿಗೆ ಆ ಕಟ್ಟಿಲ್ಲ ಎಂದು ಉತ್ತರ ಕೊಟ್ಟರು.

ಎರಡನೆಯ ಸಲ ಮೆದಕಿಗೆ ಹೋದೆವು. ದೂರ ಸುಮಾರು ೧೦೦ ಕಿಲೋಮೀಟರು. ನರ್ಸಾಪುರದ ಹತ್ತಿರ ರಸ್ತೆ ಕಾಡಿನ ನಡುವೆ ಹೋಗುತ್ತದೆ. ಮಾಘದ ಕೊನೆ, ಮುತ್ತುಗದ ಮರಗಳು ಎಲೆ ಕಳೆದುಕೊಂಡು ಕೆಂಡದಂಥ ಹೂ ಹೊತ್ತು ನಿಂತಿದ್ದುವು. ಇಲ್ಲಿಯವರು ಅದಕ್ಕೆ ಮೋದುಗ ಎನ್ನುತ್ತಾರೆ. ತೆಲಂಗಾಣದ ಹಳ್ಳಿಗಳಲ್ಲಿ ಹೀಗೆ ನಮ್ಮ ಶಬ್ದಗಳೇ ಬೇರೆ ಅಂಗಿ ತೊಟ್ಟು ಎದುರಾಗುತ್ತವೆ. ಗುಡ್ಡ ಗುಟ್ಟವಾಗುತ್ತದೆ, ಬೊಂಬೆ ಬೊಮ್ಮವಾಗುತ್ತದೆ, ಗುಡಿ ಗುಡಿಯಾಗಿಯೇ ಉಳಿಯುತ್ತದೆ.

ಮೆದಕಿನ ಇಗರ್ಜಿಯ ಗೋಪುರ ೧೭೫ ಅಡಿ ಎತ್ತರ. ದೂರದಿಂದಲೇ, ಹೊಲಗಳ ಮೇಲೆ, ಅದು ಕಾಣುತ್ತದೆ. ೧೯೧೪ರಲ್ಲಿ ಆರಂಭವಾದ ಕಟ್ಟಡ ಹತ್ತು ವರ್ಷ ನಡೆದು, ೧೯೨೪ರ ಕ್ರಿಸ್ಮಸ್ ದಿನ ಪ್ರಾರ್ಥನೆಗೆ ತೆರೆಯಿತು. ಚಾರ್ಲ್ಸ್ ವಾಕರ್ ಪಾಸ್ನೆಟ್ ಎಂಬ ಪಾದ್ರಿಗಳು ಇದನ್ನು ಕಟ್ಟಿಸಿದರು. ಬರಗಾಲದಲ್ಲಿ ಸುಮ್ಮನೆ ಅನ್ನ ಹಂಚುವ ಬದಲು ಕೆಲಸ ಕೊಟ್ಟು ಅನ್ನ ಕೊಡಬೇಕೆಂಬುದು ಅವರ ಯೋಚನೆಯಾಗಿತ್ತು. ಸುತ್ತಣ ಹಳ್ಳಿಗಳ ಹಸಿದ ಜನ ಕಲ್ಲು ಹೊತ್ತರು. ಒಳಗಿನ ಬಣ್ಣದ ಗಾಜಿನ ಕಿಟಕಿಗಳಲ್ಲಿ ಯೇಸುವಿನ ಜನನ, ಶಿಲುಬೆ, ಸ್ವರ್ಗಾರೋಹಣಗಳ ಚಿತ್ರಗಳಿವೆ. ಗಾಜಿನ ಬಣ್ಣ ಹಗಲಿನಲ್ಲಿ ಒಳಗಿನಿಂದ ಮಾತ್ರ ಕಾಣುತ್ತದೆ. ಹೊರಗೆ ನಿಂತವರಿಗೆ ಅದು ಬರಿಯ ಕಪ್ಪು. ಅಂಗಳದಲ್ಲಿ ಹಳ್ಳಿಯ ಕುಟುಂಬಗಳು ಮರದ ನೆರಳಿಗೆ ಬುತ್ತಿ ಬಿಚ್ಚಿ ಕುಳಿತಿದ್ದುವು. ಅವರಲ್ಲಿ ಕುಂಕುಮವಿಟ್ಟ ಹೆಂಗಸರೂ ಇದ್ದರು. ಒಬ್ಬಾಕೆ ನಮ್ಮ ರೊಟ್ಟಿಯನ್ನು ನೋಡಿ, ನಮ್ಮ ಜೊನ್ನ ರೊಟ್ಟೆಯಂತೆಯೇ ಇದೆ ಎಂದು ಒಂದನ್ನು ಕೇಳಿ ತೆಗೆದುಕೊಂಡು, ಬದಲಿಗೆ ಎರಡು ಹಿಡಿ ಹುರಿದ ಜೋಳ ಕೊಟ್ಟಳು. ವ್ಯಾಪಾರ ನಮಗೆ ಲಾಭದ್ದೇ ಆಯಿತು.

ಅಲ್ಲಿಂದ ಸುಮಾರು ೧೫ ಕಿಲೋಮೀಟರು ಪೋಚಾರಂ ಕೆರೆ. ನಿಜಾಮರ ಕಾಲದಲ್ಲಿ, ೧೯೧೬ರಿಂದ ೧೯೨೨ರ ವರೆಗೆ, ಕಟ್ಟಿದ ಒಡ್ಡು. ಸುತ್ತಲಿನ ಕಾಡು ಅವರ ಬೇಟೆಯ ತಾಣ. ಬೇಟೆಗೆಂದು ಕಾದಿರಿಸಿದ ಕಾಡು ೧೯೫೨ರಲ್ಲಿ ಪ್ರಾಣಿಗಳಿಗೆ ಅಭಯಾರಣ್ಯವಾಯಿತು. ಚಿಗರೆಗಳಿಗೆ ಅದರ ವಿಷಯ ಯಾರು ತಿಳಿಸಿದರೋ ಕಾಣೆವು. ನಮ್ಮನ್ನು ಕಂಡು ಓಡಲಿಲ್ಲ, ಕಿವಿ ನಿಮಿರಿಸಿ ಅಷ್ಟು ಹೊತ್ತು ನೋಡಿ ಮತ್ತೆ ಮೇಯತೊಡಗಿದುವು. ಅಂದು ಇಬ್ಬರೂ ಆ ಮಾತನ್ನು ಎತ್ತಲಿಲ್ಲ.

ಮೂರನೆಯ ಸುತ್ತಾಟ ವರಂಗಲ್ ರಸ್ತೆಯಲ್ಲಿ. ೫೦ ಕಿಲೋಮೀಟರಿಗೆ ಭುವನಗಿರಿ. ಊರಿನ ನೆತ್ತಿಯ ಮೇಲೆ ಮೊಟ್ಟೆಯನ್ನು ಕವುಚಿಟ್ಟಂಥ ಒಂದೇ ಬಂಡೆ, ಅದರ ಮೇಲೆ ಕೋಟೆ. ಕಲ್ಯಾಣದ ಚಾಲುಕ್ಯ ಚಕ್ರವರ್ತಿ ತ್ರಿಭುವನಮಲ್ಲ ಆರನೆಯ ವಿಕ್ರಮಾದಿತ್ಯನ ಹೆಸರಿನಿಂದಲೇ ಈ ಊರಿಗೆ ಹೆಸರು ಬಂದಿತೆನ್ನುತ್ತಾರೆ. ಮೊಣಕಾಲು ಒಪ್ಪಿದಷ್ಟು ಹತ್ತಿದೆವು. ಮುಂದೆ ಆಲೇರಿನಿಂದ ತಿರುಗಿದರೆ ಕೊಲನುಪಾಕ. ನಮ್ಮ ಶಾಸನಗಳ ಕೊಳ್ಳಿಪಾಕೆ ಇದೇ. ಚಾಲುಕ್ಯರ ಕಾಲದಲ್ಲಿ ಇದೊಂದು ನಾಡಿನ ರಾಜಧಾನಿ. ಈಗ ಬಸ್ಸು ನಿಂತು ಹೋಗುವ ಹಳ್ಳಿ. ಒಂದು ಕಡೆ ಜೈನರ ಪ್ರಸಿದ್ಧ ಬಸದಿ, ಅಮೃತಶಿಲೆಯ ನುಣುಪಿನ ನೆಲ. ಇನ್ನೊಂದು ಕಡೆ ಸೋಮೇಶ್ವರನ ಗುಡಿ. ವೀರಶೈವ ಸಂಪ್ರದಾಯದಲ್ಲಿ ರೇಣುಕಾಚಾರ್ಯರು ಈ ಸೋಮೇಶ್ವರ ಲಿಂಗದಿಂದಲೇ ಉದ್ಭವಿಸಿದರೆಂದು ನಂಬಿಕೆ. ಅಜ್ಜಿಯ ಬಾಯಲ್ಲಿ ಕೇಳಿದ ಕೊಲ್ಲಿಪಾಕಿ ಎಲ್ಲಿಯೋ ಕೈಲಾಸದ ಹತ್ತಿರ ಇರಬೇಕೆಂದು ನಮ್ಮ ಎಣಿಕೆಯಿತ್ತು. ಅದು ನಮ್ಮ ಮನೆಯಿಂದ ೮೦ ಕಿಲೋಮೀಟರು! ಗುಡಿಯ ಆವರಣದಲ್ಲಿ ಶಾಸನದ ಕಲ್ಲುಗಳಿವೆ. ಕನ್ನಡವೂ ಉಂಟು. ಹಳೆಯ ಲಿಪಿ ನಮಗೆ ಕೂಡಿಸಿ ಓದಲು ಬರಲಿಲ್ಲ. ಆದರೂ ಒಂದೊಂದು ಅಕ್ಷರ, ಜಾತ್ರೆಯ ಗುಂಪಿನಲ್ಲಿ ಕಂಡ ಪರಿಚಯದ ಮುಖದಂತೆ, ಹೊಳೆದು ಮರೆಯಾಗುತ್ತಿತ್ತು.

ಹಿಂತಿರುಗುವಾಗ ಪೋಚಂಪಳ್ಳಿಯ ದಾರಿ ಹಿಡಿದೆವು. ಅಲ್ಲಿ ಹಿಂದಿನ ಗಾಲಿ ಪಂಕ್ಚರಾಯಿತು. ಅಂಗಡಿಯ ಹುಡುಗ ಟ್ಯೂಬು ಬಿಚ್ಚಿ ನೋಡಿ, ಇದು ಇನ್ನು ಮಗ್ಗಕ್ಕೇ ಸರಿ ಎಂದ. ತಮಾಷೆಯೆಂದುಕೊಂಡೆವು, ತಮಾಷೆಯಲ್ಲ. ಇಲ್ಲಿಯ ನೇಕಾರರು ನೂಲನ್ನು ನೇಯುವುದಕ್ಕೆ ಮೊದಲೇ ಅಲ್ಲಲ್ಲಿ ಬಿಗಿದು ಕಟ್ಟಿ ಬಣ್ಣದಲ್ಲಿ ಅದ್ದುತ್ತಾರೆ. ಕಟ್ಟಿದ ಕಡೆ ಬಣ್ಣ ಹಿಡಿಯದು. ಹೀಗೆ ಕಟ್ಟುವುದಕ್ಕೆ ಅವರು ಬಳಸುವುದು ಹಳೆಯ ಟ್ಯೂಬಿನ ರಬ್ಬರು ಪಟ್ಟಿ. ಎಷ್ಟು ಸಲ ಕಟ್ಟಿ ಬಿಚ್ಚಿದ ಮೇಲೆ ಆ ನೂಲು ಮಗ್ಗಕ್ಕೆ ಏರುತ್ತದೆಯೋ! ಆದರೆ ಏರಿದ ಮೇಲೆ ಹೂವು, ಆನೆ, ಗಿಳಿ ತಾವಾಗಿಯೇ ಮೂಡುತ್ತ ಬರುತ್ತವೆ. ೧೯೫೧ರ ಏಪ್ರಿಲ್ ೧೮ರಂದು ವಿನೋಬಾ ಭಾವೆಯವರು ಕಾಲ್ನಡಿಗೆಯಲ್ಲಿ ಬಂದದ್ದೂ ಈ ಊರಿಗೇ. ಭೂಮಿಯಿಲ್ಲದ ಹರಿಜನರು ಎಂಬತ್ತು ಎಕರೆ ಬೇಡಿದರು. ವೆದಿರೆ ರಾಮಚಂದ್ರ ರೆಡ್ಡಿಯವರು ಎದ್ದು ನಿಂತು ನೂರು ಎಕರೆ ಕೊಟ್ಟರು. ಭೂದಾನವೆಂಬ ಯಜ್ಞ ಅಂದು ಹುಟ್ಟಿತು. ಊರು ಭೂದಾನ ಪೋಚಂಪಳ್ಳಿಯಾಯಿತು. ಕೈಯಲ್ಲಿ ಒಂದು ಸೀರೆಯೊಂದಿಗೆ, ಹೊಸ ಟ್ಯೂಬಿನ ಮೇಲೆ, ದೀಪ ಹಚ್ಚುವ ಹೊತ್ತಿಗೆ ಮನೆ ಸೇರಿದೆವು.

ನಾಲ್ಕನೆಯದಕ್ಕೆ ಶನಿವಾರವನ್ನೂ ಸೇರಿಸಿಕೊಂಡೆವು, ದೂರ ಹೆಚ್ಚು. ಬೆಳಗಿನ ಐದಕ್ಕೆ ಹೊರಟು, ಶಾಮೀರಪೇಟೆಯ ಜಿಂಕೆವನದ ಬೇಲಿಯ ಬಳಿ ಚಹ ಕುಡಿದು, ಸಿದ್ಧಿಪೇಟೆಯಲ್ಲಿ ಉಪಾಹಾರ ಮುಗಿಸಿ, ನೇಕಾರರ ಸಿರಿಸಿಲ್ಲ ದಾಟಿ ವೇಮುಲವಾಡ ಮುಟ್ಟಿದಾಗ ಹನ್ನೊಂದು ಗಂಟೆ. ರಾಜರಾಜೇಶ್ವರನ ಸನ್ನಿಧಿಯಲ್ಲಿ ಹರಕೆ ಹೊತ್ತವರು ಹೋರಿಯನ್ನು ಹಿಡಿದು ಪ್ರದಕ್ಷಿಣೆ ಮಾಡುತ್ತಾರೆ. ನಮ್ಮ ಮುಂದೆಯೇ ಒಬ್ಬ ರೈತ, ಅವನ ಹೆಂಡತಿ, ಹೆಗಲ ಮೇಲೆ ಮಗು, ಹಗ್ಗದಲ್ಲಿ ಹೋರಿ. ಗುಡಿಯ ಆವರಣದೊಳಗೇ ಒಂದು ದರ್ಗಾ ಇದೆ. ಅಲ್ಲಿಯೂ ಕೈ ಮುಗಿದು ಬರುವವರಿದ್ದರು.

ವೇಮುಲವಾಡವೆಂದರೆ ಕನ್ನಡದವರಿಗೆ ಅರಿಕೇಸರಿಯ ಊರು, ಪಂಪನ ಊರು. ರಾಷ್ಟ್ರಕೂಟರ ಸಾಮಂತರಾಗಿದ್ದ ಇಲ್ಲಿಯ ಚಾಲುಕ್ಯರ ಆಸ್ಥಾನದಲ್ಲಿ, ೯೪೧ರ ಸುಮಾರಿಗೆ, ವಿಕ್ರಮಾರ್ಜುನ ವಿಜಯ ಹುಟ್ಟಿತು. ಬನವಾಸಿಯನ್ನು ಪಂಪ ಅಷ್ಟು ಹಂಬಲಿಸಿ ನೆನೆದದ್ದು ಬನವಾಸಿಯಲ್ಲಿ ಕುಳಿತಲ್ಲ, ಈ ಸೀಮೆಯ ಬಂಡೆಗಳ ನಡುವೆ ಇದ್ದು. ಶಾಲೆಯಲ್ಲಿ ಓದುವಾಗ ಈ ದೂರ ನಮಗೆ ಅರಿವಾಗಿರಲಿಲ್ಲ. ದೂರ ಬಂದು ನೆಲೆಸಿದವರಿಗೇ ಅದು ಅರಿವಾಗುವಂಥದು.

ಮರುದಿನ ಬೆಳಿಗ್ಗೆ ಗಂಗಾಧರದ ಹತ್ತಿರದ ಕುರಿಕ್ಯಾಲ ಎಂಬ ಹಳ್ಳಿಗೆ ಹೋದೆವು. ಅಲ್ಲಿ ಬೊಮ್ಮಲಗುಟ್ಟ, ಬೊಂಬೆಗಳ ಗುಡ್ಡ. ಬಂಡೆಯ ಮೈಯಲ್ಲಿ ಚಕ್ರೇಶ್ವರಿ, ತೀರ್ಥಂಕರರು, ಕೆಳಗೆ ಶಾಸನ. ಬರೆಯಿಸಿದವನು ಪಂಪನ ತಮ್ಮ ಜಿನವಲ್ಲಭ. ಅದರಲ್ಲಿ ಮೂರು ಭಾಷೆಗಳುಂಟು: ಸಂಸ್ಕೃತ, ಕನ್ನಡ, ತೆಲುಗು. ಅದರ ಕೊನೆಯ ಕಂದಪದ್ಯಗಳು ತೆಲುಗಿನಲ್ಲಿ ದೊರೆತ ಅತಿ ಹಳೆಯ ಕಂದಗಳೆಂದು ವಿದ್ವಾಂಸರು ಹೇಳುತ್ತಾರೆ. ಕನ್ನಡದ ಆದಿಕವಿಯ ಒಡಹುಟ್ಟಿದವನು ಬರೆಯಿಸಿದ ಕಲ್ಲು ತೆಲುಗಿನವರಿಗೂ ಹಿರಿಯ ಆಸ್ತಿ! ೨೦೦೮ರಲ್ಲಿ ಎರಡು ಭಾಷೆಗಳಿಗೂ ಒಟ್ಟಿಗೇ ಶಾಸ್ತ್ರೀಯ ಭಾಷೆಯೆಂಬ ಮನ್ನಣೆ ಬಂದದ್ದು ಸರಿಯಾಗಿಯೇ ಇದೆ.

ಆ ಮನೆತನದ ವಿವರವೂ ಈ ಶಾಸನದಿಂದಲೇ ತಿಳಿಯುತ್ತದೆ. ತಂದೆಯ ಕಡೆಯವರು ವೆಂಗಿನಾಡಿನವರು. ತಾಯಿ ಅಬ್ಬಣಬ್ಬೆ ಬೆಳ್ವೊಲದ ಅಣ್ಣಿಗೇರಿಯ ಜೋಯಿಸ ಸಿಂಘನ ಮೊಮ್ಮಗಳು. ಮಕ್ಕಳು ಬಾಳಿ ಬೆಳಗಿದ್ದು ಇಲ್ಲಿ. ಅಪ್ಪನ ಊರೊಂದು, ಅವ್ವನ ಊರೊಂದು, ಅನ್ನದ ಊರೊಂದು. ನಮ್ಮ ಸಂಘದ ಸದಸ್ಯರ ಪಟ್ಟಿಯಲ್ಲಿ ಇಂಥ ಮನೆಗಳು ಎಷ್ಟಿಲ್ಲ! ಹಾಗೆಂದು ಜಿನವಲ್ಲಭನು ನಾಳೆ ಹೊರಡುವವನಂತೆ ಇರಲಿಲ್ಲ. ಈ ಗುಡ್ಡದಲ್ಲಿ ತ್ರಿಭುವನತಿಲಕವೆಂಬ ಬಸದಿಯನ್ನು ಎತ್ತಿಸಿದ. ಅಣ್ಣನ ಬಿರುದಾದ ಕವಿತಾಗುಣಾರ್ಣವನೆಂಬುದನ್ನೇ ಹೆಸರಿಟ್ಟು ಕೆರೆ ಕಟ್ಟಿಸಿದ. ಮದನವಿಲಾಸವೆಂಬ ತೋಟ ಹಾಕಿಸಿದ. ಸಾವಿರ ವರ್ಷದ ಹಿಂದೆಯೇ ಇಲ್ಲಿ ಒಬ್ಬ ಕನ್ನಡಿಗ ಉದ್ಯಾನ ನೆಟ್ಟಿದ್ದನೆಂದು ತಿಳಿದಾಗ, ವಾರವಾರ ಉದ್ಯಾನ ಅರಸಿ ತಿರುಗುತ್ತಿದ್ದ ನಮಗೆ ಸಂತೋಷವೂ ಸ್ವಲ್ಪ ನಾಚಿಕೆಯೂ ಆಯಿತು. ಇಪ್ಪತ್ತಾರು ವರ್ಷದಲ್ಲಿ ಈ ಮಣ್ಣಿನಲ್ಲಿ ನಾವು ಒಂದು ಗಿಡವನ್ನೂ ನೆಟ್ಟಿರಲಿಲ್ಲ. ಬಾಲ್ಕನಿಯ ತುಳಸಿಯ ಕುಂಡ ಕೂಡ ಕಲಬುರ್ಗಿಯಿಂದ ತಂದದ್ದು.

ಗುಡ್ಡದ ಬುಡದಲ್ಲಿ ಆಡು ಕಾಯುತ್ತಿದ್ದ ಮುದುಕಿಯೊಬ್ಬಳು, "ಯಾವೂರಮ್ಮಾ ನಿಮ್ಮದು?" ಎಂದು ತೆಲುಗಿನಲ್ಲಿ ಕೇಳಿದಳು. ನಮ್ಮಲ್ಲಿ ಒಬ್ಬರು ಕಲಬುರ್ಗಿ ಎಂದೆವು, ಅದೇ ಗಳಿಗೆಗೆ ಇನ್ನೊಬ್ಬರು ಹೈದರಾಬಾದು ಎಂದೆವು. ಮುದುಕಿ ಒಬ್ಬರ ಮುಖವನ್ನು ನೋಡಿ, ಇನ್ನೊಬ್ಬರ ಮುಖವನ್ನು ನೋಡಿ, ಫಟಫಟಿಯನ್ನೂ ನೋಡಿ, "ಬಂದದ್ದು ಮಾತ್ರ ಒಂದೇ ಗಾಡಿಯಲ್ಲಿ" ಎಂದು ಬಾಯ್ತುಂಬ ನಕ್ಕಳು.

ಕರೀಮನಗರದ ಹೆದ್ದಾರಿಯಲ್ಲಿ ಹಿಂತಿರುಗುವಾಗ ಬಹಳ ಹೊತ್ತು ಯಾರೂ ಏನನ್ನೂ ಕೂಗಲಿಲ್ಲ. ಗಜ್ವೇಲಿನ ಹತ್ತಿರ ಚಹಕ್ಕೆ ನಿಂತಾಗ, ಊಟದ ಮೇಜಿನ ಮೇಲೆ ಮೂರು ವರ್ಷ ಬಗೆಹರಿಯದ ವ್ಯವಹಾರ ಎರಡು ಲೋಟ ಮುಗಿಯುವಷ್ಟರಲ್ಲಿ ಬಗೆಹರಿಯಿತು. ಫ್ಲ್ಯಾಟು ಮಾರುವುದಿಲ್ಲ. ನಿವೃತ್ತಿಯ ಬಳಿಕ ಶ್ರಾವಣದಿಂದ ದಸರೆಯ ವರೆಗೆ ಕಲಬುರ್ಗಿಯಲ್ಲಿ ಒಂದು ಬಾಡಿಗೆ ಕೋಣೆ ಹಿಡಿದು ನಮ್ಮದೇ ಒಲೆ ಹಚ್ಚುವುದು. ಉಳಿದ ತಿಂಗಳು ಇಲ್ಲಿ. ಹೋಗುವ ಪಕ್ಷವೂ ಗೆಲ್ಲಲಿಲ್ಲ, ಇರುವ ಪಕ್ಷವೂ ಸೋಲಲಿಲ್ಲ. ೧೯೫೬ರ ನವೆಂಬರ್ ಒಂದರ ವರೆಗೆ ಕಲಬುರ್ಗಿ, ಬೀದರ, ರಾಯಚೂರುಗಳಿಗೆ ಈ ಹೈದರಾಬಾದೇ ರಾಜಧಾನಿಯಾಗಿತ್ತು. ನಮ್ಮ ಅಜ್ಜಂದಿರು ಕೋರ್ಟು ಕಚೇರಿಗೆಂದು ಇಲ್ಲಿಗೆ ಬರುವಾಗ ಪರಸ್ಥಳಕ್ಕೆ ಹೊರಟೆವೆಂದು ಕಣ್ಣೀರು ಹಾಕುತ್ತಿರಲಿಲ್ಲ. ಒಂದು ದಾರಿಯ ಎರಡು ತುದಿಯಲ್ಲೂ ಮನೆ ಇದ್ದರೆ ಅದು ದೊಡ್ಡ ದುಃಖದ ವಿಷಯವೇನಲ್ಲ.

ಹೊರಡಬೇಕೆನ್ನುವವರಿಗೆ ಎರಡು ಮಾತು. ಬೆಳಗಿನ ಐದಕ್ಕೆ ಹೊರಡಿರಿ, ಕತ್ತಲೆಗೆ ಮೊದಲು ಮನೆ ಸೇರಿರಿ. ಹೆದ್ದಾರಿಯ ಲಾರಿಗಳಿಗೆ ನಿಮ್ಮ ವಯಸ್ಸಿನ ಮೇಲೆ ಗೌರವವಿಲ್ಲ. ಹಿಂದೆ ಕೂಡುವವರಿಗೂ ಹೆಲ್ಮೆಟ್ಟು ಬೇಕು. ಗಂಟೆಗೊಮ್ಮೆ ಇಳಿದು ಬೆನ್ನು ನೆಟ್ಟಗೆ ಮಾಡಿಕೊಳ್ಳಿರಿ. ಅಭಯಾರಣ್ಯದಲ್ಲಿ ಜಿಂಕೆಗೂ ಕೋತಿಗೂ ತಿಂಡಿ ಹಾಕಬೇಡಿರಿ. ಶಾಸನದ ಅಕ್ಷರ ಕಾಣಲೆಂದು ಸೀಮೆಸುಣ್ಣ ತಿಕ್ಕಬೇಡಿರಿ. ಬೆಳಗಿನ ಅಥವಾ ಸಂಜೆಯ ಓರೆ ಬಿಸಿಲಿನಲ್ಲಿ ಅದು ತಾನಾಗಿಯೇ ಎದ್ದು ಕಾಣುತ್ತದೆ. ರೊಟ್ಟಿಯನ್ನು ನಾಲ್ಕು ಹೆಚ್ಚಿಗೆ ಕಟ್ಟಿಕೊಳ್ಳಿರಿ. ಕೇಳುವವರು ಸಿಕ್ಕೇ ಸಿಗುತ್ತಾರೆ. ಫಟಫಟಿ ಇಲ್ಲದವರಿಗೆ ಈ ಊರುಗಳಿಗೆಲ್ಲ ಬಸ್ಸಿನ ಅನುಕೂಲವುಂಟು. ಪುಣೆ, ಮುಂಬಯಿ, ಮದರಾಸುಗಳಲ್ಲಿ ಇರುವವರು ತಮ್ಮ ತಮ್ಮ ಸುತ್ತಣ ನೂರು ಮೈಲಿಯನ್ನು ಒಮ್ಮೆ ಹೀಗೆ ತಿರುಗಿ ನೋಡಲಿ, ಕಂಡದ್ದನ್ನು ಈ ಪತ್ರಿಕೆಗೆ ಬರೆಯಲಿ. ನಾವು ಈ ಮಳೆಗಾಲ ಕಳೆದ ಮೇಲೆ ಸೀತಾಫಲ ಮಾಗುವ ಹೊತ್ತಿಗೆ ಕೃಷ್ಣೆಯ ಕಡೆ ಹೊರಡುವವರಿದ್ದೇವೆ. ತುಳಸಿಯ ಕುಂಡದ ಪಕ್ಕದಲ್ಲಿ ಈಗ ಕುರಿಕ್ಯಾಲದ ದಾರಿಯಲ್ಲಿ ಕೊಂಡ ಒಂದು ಮಲ್ಲಿಗೆಯ ಸಸಿಯಿದೆ. ಎರಡು ಎಲೆ ಹೊಸದಾಗಿ ಒಡೆದಿದೆ.